ಮನೆಯಲ್ಲೇ ಮಾಡಿದ ಕ್ವಿಕ್ ರಿಲೀಸ್ ವೈಸ್: ಬಿಗಿ ಹಿಡಿದಾಗ ಹಾಫ್ ನಟ್ ಏಕೆ ಜಾರುತ್ತದೆ?

ಪ್ರಶ್ನೆ: ಬಸವನಗುಡಿಯ ಹವ್ಯಾಸಿ

ಎಲ್ಲರಿಗೂ ನಮಸ್ಕಾರ. ನಿವೃತ್ತಿಯ ನಂತರ ಬಸವನಗುಡಿಯ ನಮ್ಮ ಮನೆಯ ಹಿತ್ತಲಿನ ಶೆಡ್ಡಿನಲ್ಲಿ ಮರಗೆಲಸಕ್ಕೆಂದು ಒಂದು ಬೆಂಚನ್ನು ಕಟ್ಟಿಕೊಂಡಿದ್ದೇನೆ. ಅದರ ಮೇಲ್ಹಲಗೆ 75 ಮಿ.ಮೀ. ದಪ್ಪದ ಮತ್ತಿ ಮರ; ಕಾಲುಗಳನ್ನು ಹಳೆಯ ಮನೆಯೊಂದನ್ನು ಕೆಡವಿದಾಗ ಸಿಕ್ಕ ತೊಲೆಗಳಿಂದ ಮಾಡಿದ್ದೇನೆ. ಬೆಂಚು ಗಟ್ಟಿಯಾಗಿ ನಿಂತಿದೆ. ತೊಂದರೆಯಿರುವುದು ಅದಕ್ಕೆ ನಾನೇ ಮಾಡಿ ಕೂರಿಸಿದ ವೈಸಿನಲ್ಲಿ, ಅಂದರೆ ಮರವನ್ನು ಎರಡು ದವಡೆಗಳ ನಡುವೆ ಬಿಗಿ ಹಿಡಿಯುವ ಸಾಧನದಲ್ಲಿ.

ಮೊದಲು ಅಂಗಡಿಯಲ್ಲಿ ಸಿಗುವ ಸಾಧಾರಣ ಕಾರ್ಪೆಂಟರ್ ವೈಸನ್ನು ಹಾಕಿದ್ದೆ. ಅದರ ದವಡೆ ಒಂದು ಸುತ್ತಿಗೆ ಸುಮಾರು 4 ಮಿ.ಮೀ. ಸರಿಯುತ್ತಿತ್ತು. 20 ಮಿ.ಮೀ. ಹಲಗೆಯ ಅಂಚನ್ನು ಕೀಸಿ ಮುಗಿಸಿ, ಆ ಬಳಿಕ 120 ಮಿ.ಮೀ. ಅಗಲದ ಡ್ರಾಯರನ್ನು ಅದೇ ವೈಸಿನಲ್ಲಿ ಹಿಡಿಯಬೇಕೆಂದರೆ ಹಿಡಿಕೆಯನ್ನು 25 ಸುತ್ತು ತಿರುಗಿಸಬೇಕು. ಹಲಗೆಗೆ ಮರಳುವಾಗ ಮತ್ತೆ 25 ಸುತ್ತು. ಡವ್‌ಟೇಲ್ ಜಾಯಿಂಟ್ ಕೂರಿಸುವ ದಿನ ಇದು ಹತ್ತಾರು ಸಲ ನಡೆಯುತ್ತದೆ, ಮತ್ತು ನನ್ನ ಬಲ ಮಣಿಕಟ್ಟು ಮೊದಲಿನಂತಿಲ್ಲ. ಆದ್ದರಿಂದ ಲಿವರ್ ಒತ್ತಿದ ಕೂಡಲೇ ದವಡೆ ಸರ್ರನೆ ಸರಿದು, ಲಿವರ್ ಬಿಟ್ಟೊಡನೆ ಅರ್ಧ ಸುತ್ತಿನಲ್ಲಿ ಬಿಗಿಯುವಂಥ ವೈಸನ್ನು ಮಾಡಬೇಕೆಂದು ಹೊರಟೆ.

ಮಾಡಿದ್ದು ಹೀಗೆ. ಎಸ್.ಪಿ. ರಸ್ತೆಯಿಂದ ಎಂ 20 ಸ್ಟಡ್ ರಾಡನ್ನೂ (20 ಮಿ.ಮೀ. ವ್ಯಾಸದ, ಉದ್ದಕ್ಕೂ ಥ್ರೆಡ್ ಇರುವ ಕಂಬಿ) 60 ಮಿ.ಮೀ. ಉದ್ದದ ಜೋಡಣೆ ನಟ್ಟನ್ನೂ ತಂದೆ. ನಟ್ಟನ್ನು ಉದ್ದಕ್ಕೆ ಸೀಳಿ, ಅದರ ಒಂದು ಹೋಳನ್ನು (ಇದೇ ಹಾಫ್ ನಟ್) ಕಬ್ಬಿಣದ ತುಂಡಿಗೆ ವೆಲ್ಡ್ ಮಾಡಿಸಿ, ಸ್ಕ್ರೂವಿನ ಕೆಳಗೆ ಇರಿಸಿದೆ. ಎರಡು ಸ್ಪ್ರಿಂಗುಗಳು ಅದನ್ನು ಮೇಲಕ್ಕೆ ಒತ್ತಿ ಹಿಡಿಯುತ್ತವೆ. ಲಿವರ್ ಎಳೆದರೆ ಅದು 2 ಮಿ.ಮೀ. ಕೆಳಗಿಳಿಯುತ್ತದೆ. ಎಂ 20 ಥ್ರೆಡ್ಡಿನ ಆಳ ಸುಮಾರು ಒಂದೂವರೆ ಮಿ.ಮೀ. ಎಂದು ಲೆಕ್ಕ ಹಾಕಿಯೇ 2 ಮಿ.ಮೀ. ಸಾಕೆಂದುಕೊಂಡಿದ್ದೆ. ದವಡೆಯ ಎರಡು ಬದಿಗೆ 20 ಮಿ.ಮೀ. ಬ್ರೈಟ್ ಬಾರುಗಳು (ನುಣುಪಾದ ಉಕ್ಕಿನ ಸರಳುಗಳು) ಗೈಡುಗಳಾಗಿ, ಬೆಂಚಿನ ಮುಂದಿನ ಮರದಲ್ಲಿ ಕೊರೆದ ರಂಧ್ರಗಳಲ್ಲಿ ಓಡಾಡುತ್ತವೆ.

ತೊಂದರೆಗಳು ಎರಡು. ಹಗುರವಾಗಿ ಬಿಗಿದರೆ ಎಲ್ಲವೂ ಸರಿಯಾಗಿರುತ್ತದೆ. ಆದರೆ ಕೀಸುಳಿಯನ್ನು ಜೋರಾಗಿ ಓಡಿಸಲೆಂದು ಬಲವಾಗಿ ಬಿಗಿದ ಕೂಡಲೇ ‘ಟಕ್’ ಎಂಬ ಸದ್ದಿನೊಂದಿಗೆ ನಟ್ ಒಂದು ಹಲ್ಲು ಜಾರಿ, ಹಿಡಿತ ಸಡಿಲವಾಗುತ್ತದೆ. ಒಂದು ತಿಂಗಳಲ್ಲೇ ನಟ್ಟಿನ ಹಲ್ಲುಗಳ ತುದಿ ಚಪ್ಪಟೆಯಾಗಿದೆ. ಇನ್ನೂ ಗಡುಸಾದ ಸ್ಪ್ರಿಂಗುಗಳನ್ನು ಹಾಕಿ ನೋಡಿದೆ. ಲಿವರ್ ಎಳೆಯುವುದು ಕಷ್ಟವಾಯಿತೇ ವಿನಾ ಜಾರುವುದು ನಿಲ್ಲಲಿಲ್ಲ. ಎರಡನೆಯದಾಗಿ, ಲಿವರನ್ನು ಪೂರ್ತಿ ಎಳೆದಾಗಲೂ ದವಡೆ ಸಲೀಸಾಗಿ ಸರಿಯದೆ ಕರಕರನೆ ಉಜ್ಜುತ್ತದೆ. ಹಾಫ್ ನಟ್ಟಿನ ವಿಚಾರವೇ ತಪ್ಪೇ, ಇಲ್ಲ ನಾನು ಮಾಡಿದ ರೀತಿ ತಪ್ಪೇ? ನನಗೆ ಬೇಕಾದ ತೆರಪು 250 ಮಿ.ಮೀ. ಮಾತ್ರ. ಲೇತ್ ಕೆಲಸಕ್ಕೆ ಪೀಣ್ಯದವರೆಗೆ ಹೋಗಲು ಸಿದ್ಧನಿದ್ದೇನೆ. ತಿಳಿದವರು ದಯವಿಟ್ಟು ಹೇಳಬೇಕು.


ಉತ್ತರ: ಪೀಣ್ಯದ ಟರ್ನರ್

ಸರ್, ವಿಚಾರ ತಪ್ಪಲ್ಲ. ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ತಯಾರಾಗುತ್ತಿದ್ದ ರೆಕಾರ್ಡ್ ಕಂಪನಿಯ 52½ ಮತ್ತು 53ನೇ ನಂಬರಿನ ವೈಸುಗಳು ಇದೇ ಹಾಫ್ ನಟ್ಟಿನ ಮೇಲೆ ಕೆಲಸ ಮಾಡುತ್ತಿದ್ದವು, ಮತ್ತು ಅವು ಇಂದಿಗೂ ಅನೇಕರ ಬೆಂಚುಗಳಲ್ಲಿ ಗಟ್ಟಿಯಾಗಿವೆ. ಆದರೆ ಅವುಗಳ ಸ್ಕ್ರೂವಿನ ಹಲ್ಲು ನಿಮ್ಮ ಎಂ 20 ಸ್ಟಡ್ಡಿನ ಹಲ್ಲಿನಂತಿಲ್ಲ. ನಿಮ್ಮ ಎರಡು ತೊಂದರೆಗಳಿಗೂ ಕಾರಣ ಹಲ್ಲಿನ ಆಕಾರದಲ್ಲಿಯೇ ಇರುವುದರಿಂದ ಅದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಸಾಧಾರಣ ಬೋಲ್ಟಿನ ಹಲ್ಲಿನ ಕೋನ 60 ಡಿಗ್ರಿ. ಎಂದರೆ ಹಲ್ಲಿನ ಒಂದೊಂದು ಮುಖವೂ 30 ಡಿಗ್ರಿ ಓರೆಯಾಗಿರುತ್ತದೆ. ಸ್ಕ್ರೂವನ್ನು ಬಿಗಿದಾಗ ಆ ಓರೆ ಮುಖವು ನಟ್ಟನ್ನು ಮುಂದಕ್ಕೆ ಎಳೆಯುವುದರ ಜೊತೆಗೆ ಹೊರಕ್ಕೂ ತಳ್ಳುತ್ತದೆ. ಇಡೀ ನಟ್ಟಿನಲ್ಲಿ ಸುತ್ತಲಿನ ತಳ್ಳುವಿಕೆಗಳು ಎದುರುಬದುರಾಗಿ ಒಂದನ್ನೊಂದು ಕಳೆದುಕೊಳ್ಳುವುದರಿಂದ ಅದು ನಮ್ಮ ಗಮನಕ್ಕೆ ಬರುವುದೇ ಇಲ್ಲ. ನಟ್ಟನ್ನು ಸೀಳಿದ ಕ್ಷಣದಿಂದ ಆ ಬಲವನ್ನು ತಡೆಯಲು ಎದುರಿಗೆ ಯಾರೂ ಇಲ್ಲ.

ಅದು ಎಷ್ಟು ಬಲ ಎಂಬುದನ್ನು ನೋಡಿ. 200 ಮಿ.ಮೀ. ಹಿಡಿಕೆಯ ತುದಿಯಲ್ಲಿ ನೀವು 10 ಕೆ.ಜಿ. ಬಲ ಹಾಕಿದರೆ, ಥ್ರೆಡ್ಡಿನ ಮತ್ತು ಕಾಲರಿನ ಘರ್ಷಣೆಯನ್ನು ಕಳೆದ ಮೇಲೂ ದವಡೆಯಲ್ಲಿ ಸುಮಾರು 500 ಕೆ.ಜಿ. ಒತ್ತಡ ಹುಟ್ಟುತ್ತದೆ. 30 ಡಿಗ್ರಿ ಓರೆಯಲ್ಲಿ ಅದರ ಹೊರದೂಡುವ ಪಾಲು 290 ಕೆ.ಜಿ.ಯಷ್ಟು, ಅದು ಅರ್ಧವೃತ್ತದ ಸುತ್ತ ಹಂಚಿಹೋಗುವುದರಿಂದ ನೇರವಾಗಿ ಕೆಳಮುಖವಾಗಿ ಬರುವುದು ಸುಮಾರು 180 ಕೆ.ಜಿ. ಕೈಯಿಂದ ಎಳೆಯಬಹುದಾದ ಯಾವ ಸ್ಪ್ರಿಂಗೂ ಇದನ್ನು ತಡೆಯಲಾರದು. ಘರ್ಷಣೆಯಾದರೂ ಹಿಡಿದುಕೊಳ್ಳಬಹುದಲ್ಲವೇ ಎಂದು ನೀವು ಕೇಳಬಹುದು. ಸ್ಕ್ರೂ ತಿರುಗುತ್ತಿರುವಾಗ ಘರ್ಷಣೆಯೆಲ್ಲ ತಿರುಗುವ ದಿಕ್ಕಿಗೆ ಎದುರಾಗಿ ಖರ್ಚಾಗಿಬಿಡುತ್ತದೆ. ಹೊರದೂಡುವುದನ್ನು ತಡೆಯಲು ಏನೂ ಉಳಿಯುವುದಿಲ್ಲ. ನಿಮ್ಮ ನಟ್ ಹಿಡಿಕೆ ತಿರುಗಿಸುವಾಗಲೇ ಜಾರುವುದು ಅದಕ್ಕೇ.

ಆದ್ದರಿಂದ ಮೊದಲು ಸ್ಕ್ರೂ ಬದಲಾಯಿಸಿ. ಟ್ರೆಪಿಜಾಯ್ಡಲ್ ಥ್ರೆಡ್, 20 ಮಿ.ಮೀ. ವ್ಯಾಸ, 4 ಮಿ.ಮೀ. ಪಿಚ್ (ಒಂದು ಹಲ್ಲಿನಿಂದ ಮುಂದಿನ ಹಲ್ಲಿಗಿರುವ ದೂರ) ಎಂದು ಹೇಳಿದರೆ ಪೀಣ್ಯದಲ್ಲಿ ಯಾರಾದರೂ ಮಾಡಿಕೊಡುತ್ತಾರೆ. ಅದರ ಮುಖದ ಓರೆ 15 ಡಿಗ್ರಿ ಮಾತ್ರ. ರೆಕಾರ್ಡ್ ವೈಸಿನಲ್ಲಿರುವುದು ಬಟ್ರೆಸ್ ಥ್ರೆಡ್. ಗರಗಸದ ಹಲ್ಲಿನಂತೆ ಒಂದು ಮುಖ ಹೆಚ್ಚುಕಡಿಮೆ ನೆಟ್ಟಗಿದ್ದು ಇನ್ನೊಂದು ಮುಖ ಇಳಿಜಾರಾಗಿರುವಂಥದ್ದು. ಹೊರದೂಡುವಿಕೆ ಅದರಲ್ಲಿ ಇನ್ನೂ ಕಡಿಮೆ, ಆದರೆ ಅದಕ್ಕೆ ಬೇರೆ ಟೂಲನ್ನೇ ಉಜ್ಜಿ ಸಿದ್ಧಪಡಿಸಬೇಕು, ಒಂದೇ ಒಂದು ವೈಸಿಗಾಗಿ ಅಷ್ಟು ಖರ್ಚು ಬೇಡವೆಂಬುದು ನನ್ನ ಅಭಿಪ್ರಾಯ. ಸ್ಕ್ವೇರ್ ಥ್ರೆಡ್ಡಿನಲ್ಲಿ ಹೊರದೂಡುವಿಕೆ ಇಲ್ಲವೇ ಇಲ್ಲವೆನ್ನಬಹುದು. ಆದರೆ ಹಲ್ಲಿನ ಬದಿಗಳು ನೆಟ್ಟಗಿರುವುದರಿಂದ ಬೇರ್ಪಟ್ಟ ನಟ್ ಮತ್ತೆ ಹಲ್ಲುಗಳ ನಡುವಿನ ತೋಡಿನೊಳಗೆ ಇಳಿಯಲು ತಡವರಿಸುತ್ತದೆ, ಹಾಗಾಗಿ ಅದು ಹಾಫ್ ನಟ್ಟಿಗೆ ಒಗ್ಗುವುದಿಲ್ಲ.

ಈಗ ನಿಮ್ಮ ಎರಡನೆಯ ತೊಂದರೆಗೆ ಬರುತ್ತೇನೆ. ಥ್ರೆಡ್ಡಿನ ಆಳದಷ್ಟು ನಟ್ ಕೆಳಗಿಳಿದರೆ ಸಾಕು ಎಂಬ ಲೆಕ್ಕ ನಟ್ಟಿನ ತಳಭಾಗಕ್ಕೆ ಮಾತ್ರ ಸರಿ. ಹಾಫ್ ನಟ್ಟಿನ ಎರಡು ಅಂಚುಗಳು ಸ್ಕ್ರೂವಿನ ಅಕ್ಕಪಕ್ಕಕ್ಕೆ ಬರುತ್ತವೆ. ನಟ್ ಕೆಳಗಿಳಿದಾಗ ಅಲ್ಲಿನ ಹಲ್ಲು ಸ್ಕ್ರೂವಿನಿಂದ ದೂರ ಹೋಗುವುದಿಲ್ಲ, ಅದರ ಪಕ್ಕವನ್ನು ಸವರಿಕೊಂಡು ಜಾರುತ್ತದೆ. ಕಾಗದದ ಮೇಲೆ ಎರಡು ವೃತ್ತಗಳನ್ನು ಬರೆದು ನೋಡಿ: ಸ್ಕ್ರೂವಿನ ಹೊರ ತ್ರಿಜ್ಯ 10 ಮಿ.ಮೀ., ನಟ್ಟಿನ ಒಳ ತ್ರಿಜ್ಯ 8 ಮಿ.ಮೀ. ಪೂರ್ತಿ ಅರ್ಧವೃತ್ತದ ನಟ್ ಆದರೆ ಅದರ ಅಂಚುಗಳು ಸ್ಕ್ರೂವಿನಿಂದ ಬಿಡಿಸಿಕೊಳ್ಳಲು ಅದು 6 ಮಿ.ಮೀ. ಇಳಿಯಬೇಕಾಗುತ್ತದೆ. ನಿಮ್ಮ ಎಂ 20ರಲ್ಲಿ ಇದೇ ಲೆಕ್ಕ 5 ಮಿ.ಮೀ. ಬರುತ್ತದೆ, ನೀವು ಕೊಟ್ಟಿರುವುದು 2. ಕರಕರ ಸದ್ದು ಬರುತ್ತಿರುವುದು ಅಂಚುಗಳಿಂದ. ಇದಕ್ಕೆ ಪರಿಹಾರ ಸುಲಭ. ನಟ್ಟಿನ ಎರಡು ಅಂಚುಗಳನ್ನೂ ಕತ್ತರಿಸಿ, 180 ಡಿಗ್ರಿಯ ಬದಲು ತಳದ 120 ಡಿಗ್ರಿಯನ್ನು ಮಾತ್ರ ಉಳಿಸಿಕೊಳ್ಳಿ. ಆಗ 3.2 ಮಿ.ಮೀ. ಇಳಿದರೆ ಅದು ಪೂರ್ತಿ ಬಿಡಿಸಿಕೊಳ್ಳುತ್ತದೆ. ನೀವು 4 ಮಿ.ಮೀ. ಇಟ್ಟುಕೊಳ್ಳಿ. ಹಲ್ಲಿನ ಉದ್ದ ಕಡಿಮೆಯಾಗುವುದನ್ನು ಸರಿದೂಗಿಸಲು ನಟ್ ಗನ್ ಮೆಟಲ್‌ನದ್ದಾಗಿ (ತಾಮ್ರ, ತವರ ಬೆರೆತ ಮಿಶ್ರಲೋಹ) 50 ಮಿ.ಮೀ. ಉದ್ದವಿರಲಿ, ಹನ್ನೆರಡು ಹಲ್ಲು ಸಿಗುತ್ತದೆ. ಇಡೀ ನಟ್ಟಿಗೆ ಥ್ರೆಡ್ ಹಾಕಿಸಿದ ಮೇಲೆಯೇ ಕತ್ತರಿಸಬೇಕು ಎಂಬುದನ್ನು ಮರೆಯಬೇಡಿ.

ಮುಖ್ಯವಾದದ್ದು ಇನ್ನೂ ಎರಡಿವೆ. ಲೇತಿನಲ್ಲಿ ಥ್ರೆಡ್ ಕಟ್ ಮಾಡುವಾಗ ಲೀಡ್ ಸ್ಕ್ರೂವನ್ನು (ಟೂಲನ್ನು ಮುಂದಕ್ಕೆ ಒಯ್ಯುವ ಉದ್ದ ಸ್ಕ್ರೂ) ಹಿಡಿಯುವುದೂ ಹಾಫ್ ನಟ್ಟೇ. ನಮ್ಮ ಶೆಡ್ಡಿನ ಹಳೆಯ ಎಚ್‌ಎಂಟಿ ಲೇತಿನಲ್ಲಿ ಅಂಥ ಎರಡು ಹೋಳುಗಳು ಮೇಲಿನಿಂದಲೂ ಕೆಳಗಿನಿಂದಲೂ ಮುಚ್ಚಿಕೊಳ್ಳುತ್ತವೆ, ಆದ್ದರಿಂದ ಸ್ಕ್ರೂ ಬಾಗುವುದಿಲ್ಲ. ನಿಮ್ಮಲ್ಲಿರುವುದು ಒಂದೇ ಹೋಳು. ನಟ್ ಕೆಳಕ್ಕೆ ಹೋಗದಂತೆ ತಡೆದರೆ ಸ್ಕ್ರೂವೇ ಮೇಲಕ್ಕೆ ಬಾಗಿ ತಪ್ಪಿಸಿಕೊಳ್ಳುತ್ತದೆ. ಹಾಗಾಗಿ ನಟ್ಟಿನ ನೇರ ಎದುರಿಗೆ, ಸ್ಕ್ರೂವಿನ ಮೇಲ್ಭಾಗದಲ್ಲಿ, ಥ್ರೆಡ್ ಇಲ್ಲದ ನುಣುಪಾದ ಅರ್ಧ ಬುಶ್ (ಉದ್ದಕ್ಕೆ ಸೀಳಿದ ಕೊಳವೆಯ ಹೋಳು) ಒಂದನ್ನು ಆಸರೆಯಾಗಿ ಕೂರಿಸಲೇಬೇಕು. ಇದನ್ನು ಬಿಟ್ಟರೆ ಉಳಿದುದೆಲ್ಲ ವ್ಯರ್ಥ.

ಇನ್ನೊಂದು, ಸ್ಪ್ರಿಂಗಿಗೆ ಭಾರ ಹೊರಿಸಬೇಡಿ. ನಟ್ಟಿನ ಕೆಳಗೆ ಉಕ್ಕಿನ ಬೆಣೆಯೊಂದನ್ನು ಇಡಿ. 8ಕ್ಕೆ 1ರ ಇಳಿಜಾರು ಸಾಕು. ಸ್ಪ್ರಿಂಗ್ ಆ ಬೆಣೆಯನ್ನು ಹಿಂದಕ್ಕೆ ಎಳೆಯಲಿ, ಬೆಣೆಯು ನಟ್ಟನ್ನು ಮೇಲಕ್ಕೆ ಎತ್ತಲಿ. 8ಕ್ಕೆ 1 ಎಂದರೆ 7 ಡಿಗ್ರಿ. ಬೆಣೆಯ ಮೇಲೂ ಕೆಳಗೂ ಎರಡು ಕಡೆ ಘರ್ಷಣೆಯಿರುವುದರಿಂದ, ಮೇಲಿನಿಂದ ಎಷ್ಟೇ ಭಾರ ಬಿದ್ದರೂ ಬೆಣೆ ತಾನಾಗಿ ಹೊರಕ್ಕೆ ಜಾರುವುದಿಲ್ಲ. ಭಾರವನ್ನು ಬೆಣೆ ಹೊರುತ್ತದೆ. ಸ್ಪ್ರಿಂಗಿನ ಕೆಲಸ ಬೆಣೆಯನ್ನು ಎಳೆಯುವುದಷ್ಟೇ, ಬಾಗಿಲಿನ ಚಿಲಕದಲ್ಲಿರುವಷ್ಟು ಸಣ್ಣ ಸ್ಪ್ರಿಂಗ್ ಸಾಕಾಗುತ್ತದೆ. ಬೆಣೆ ಹೊರಗೆ ಬಂದಾಗ ನಟ್ ತನ್ನ ತೂಕಕ್ಕೇ ಕೆಳಗಿಳಿಯುತ್ತದೆ. ನಟ್, ಬೆಣೆ, ಮೇಲಿನ ಬುಶ್ ಇವೆಲ್ಲವನ್ನೂ 10 ಮಿ.ಮೀ. ಎಂ.ಎಸ್. ಫ್ಲ್ಯಾಟುಗಳ (ಸಾಧಾರಣ ಉಕ್ಕಿನ ಪಟ್ಟಿಗಳ) ಒಂದೇ ಪೆಟ್ಟಿಗೆಯೊಳಗೆ ಕೂರಿಸಿದರೆ ಈ ಎಳೆದಾಟವೆಲ್ಲ ಕಬ್ಬಿಣದೊಳಗೇ ಮುಗಿಯುತ್ತದೆ, ಮರಕ್ಕೆ ಬರುವುದಿಲ್ಲ. ಬಿಗಿಯುವಾಗ ನಟ್ ನಿಮ್ಮ ಕಡೆಗೆ ಎಳೆಯಲ್ಪಡುತ್ತದೆ, ಆದ್ದರಿಂದ ಪೆಟ್ಟಿಗೆಯ ಮುಂದಿನ ಫ್ಲ್ಯಾಟಿಗೆ ನಟ್ ಒರಗಿಕೊಂಡಿರಬೇಕು, ಆ ಫ್ಲ್ಯಾಟು ಒಳದವಡೆಯ ಹಿಂಬದಿಗೆ ಒರಗಿರಬೇಕು. ಮರದ ಸ್ಕ್ರೂಗಳನ್ನು ನಂಬಿ 500 ಕೆ.ಜಿ. ನೇತುಹಾಕಬೇಡಿ.


ಉತ್ತರ: ಮೈಸೂರು ರಸ್ತೆಯ ಬಡಗಿ

ಟರ್ನರ್ ಅಣ್ಣನವರು ಕಬ್ಬಿಣದ ವಿಚಾರವನ್ನು ತಿಳಿಯುವಂತೆ ಬರೆದಿದ್ದಾರೆ. ನಾನು ಮರದ ವಿಚಾರಕ್ಕೆ ಬರುತ್ತೇನೆ ಸ್ವಾಮಿ, ಏಕೆಂದರೆ ನಟ್ ಸರಿಯಾದರೂ ನಿಮ್ಮ ದವಡೆ ಸರಾಗವಾಗಿ ಓಡುವುದೆಂಬ ನಂಬಿಕೆ ನನಗಿಲ್ಲ.

ನಿಮ್ಮ ಗೈಡ್ ರಾಡುಗಳು ಮುಂದಿನ ಮರದ ದಪ್ಪದಲ್ಲಿ ಮಾತ್ರ ಹಿಡಿದುಕೊಂಡಿವೆ ಎಂದು ತಿಳಿಯಿತು. 250 ಮಿ.ಮೀ. ಹೊರಗೆ ಬರುವ ರಾಡಿಗೆ ಅಷ್ಟು ಆಸರೆ ಸಾಲದು. ಬೆಂಚಿನ ಕೆಳಗೆ, ಮುಂದಿನ ಮರದಿಂದ 300 ಮಿ.ಮೀ. ಹಿಂದಕ್ಕೆ ಇನ್ನೊಂದು ಅಡ್ಡಪಟ್ಟಿ ಹೊಡೆದು, ರಾಡು ಎರಡು ಕಡೆಯಲ್ಲೂ ಹಿಡಿಸುವಂತೆ ಮಾಡಿ. ಆಸರೆಗಳ ನಡುವಿನ ದೂರ ಎರಡರಷ್ಟಾದರೆ ರಾಡಿನ ಮೇಲೆ ಬೀಳುವ ಪಕ್ಕದ ಒತ್ತಡ ಅರ್ಧಕ್ಕಿಳಿಯುತ್ತದೆ. ಮರದ ರಂಧ್ರದಲ್ಲಿ ರಾಡನ್ನು ನೇರವಾಗಿ ಓಡಿಸುವುದೂ ಬೇಡ. ಮರ ಒಣಗಿದಾಗ ಎಳೆಯ ಉದ್ದಕ್ಕೆ ಕುಗ್ಗುವುದಿಲ್ಲ, ಅಡ್ಡಕ್ಕೆ ಕುಗ್ಗುತ್ತದೆ. ದುಂಡಗೆ ಕೊರೆದ ರಂಧ್ರ ಅಂಡಾಕಾರವಾಗಿ ರಾಡನ್ನು ಕಚ್ಚುತ್ತದೆ. ಮಳೆಗಾಲದಲ್ಲಿ ಕೂರಿಸಿದ ರಾಡು ಮಾರ್ಚ್ ಏಪ್ರಿಲ್ ಹೊತ್ತಿಗೆ ಬಿಗಿಯಾಗುವುದನ್ನು ನಾನು ನನ್ನ ಬೆಂಚಿನಲ್ಲೇ ಕಂಡಿದ್ದೇನೆ. ರಂಧ್ರವನ್ನು ದೊಡ್ಡದಾಗಿ ಕೊರೆದು, ಲೋಹದ ಬುಶ್ ಇರುವ ಪ್ಲೇಟನ್ನು ಅದರ ಮೇಲೆ ಸ್ಕ್ರೂ ಹಾಕಿ ಕೂರಿಸಿದರೆ ಈ ಕಾಟವಿರುವುದಿಲ್ಲ. ಪ್ಲೇಟನ್ನು ಬಿಗಿಯುವ ಮೊದಲು ರಾಡನ್ನು ಹಾಕಿಯೇ ನೋಡಿ, ರಾಡು ತಾನಾಗಿ ಓಡುವ ಜಾಗದಲ್ಲಿ ಪ್ಲೇಟನ್ನು ಬಿಗಿಯಬೇಕು.

ಹಲಗೆಯನ್ನು ದವಡೆಯ ಒಂದು ಮೂಲೆಯಲ್ಲಿ ಮಾತ್ರ ಹಿಡಿದರೆ ಯಾವ ವೈಸಾದರೂ ಓರೆಯಾಗುತ್ತದೆ. ಎದುರು ಮೂಲೆಯಲ್ಲಿ ಅಷ್ಟೇ ದಪ್ಪದ ಮರದ ತುಂಡನ್ನು ಇಟ್ಟು ಬಿಗಿಯುವುದನ್ನು ರೂಢಿ ಮಾಡಿಕೊಳ್ಳಿ. ನಾನು 12, 18, 25 ಮಿ.ಮೀ. ತುಂಡುಗಳನ್ನು ದಾರದಲ್ಲಿ ಪೋಣಿಸಿ ಬೆಂಚಿನ ಕಾಲಿಗೆ ಕಟ್ಟಿರುತ್ತೇನೆ.

ಹೊರದವಡೆಗೆ ಹೊನ್ನೆ ಅಥವಾ ಜಾಲಿ ಒಳ್ಳೆಯದು, 50 ಮಿ.ಮೀ.ಗಿಂತ ತೆಳುವಾಗಬಾರದು. ಹೊನ್ನೆಯಾದರೆ ಒಂದು ಎಚ್ಚರಿಕೆ. ಹೊನ್ನೆಯ ಲೋಟದಲ್ಲಿ ನೀರಿಟ್ಟರೆ ಬಣ್ಣ ಬಿಡುವುದನ್ನು ನೀವು ನೋಡಿರಬಹುದು. ಫೆವಿಕಾಲ್ ಹಸಿಯಾಗಿರುವ ಬಿಳಿ ಮರವನ್ನು ಅದಕ್ಕೆ ಒತ್ತಿ ಹಿಡಿದರೆ ಅದೇ ಬಣ್ಣ ಕೆಲಸಕ್ಕೆ ಹತ್ತುತ್ತದೆ. ದವಡೆಗೆ ತೊಗಲು ಅಥವಾ ಕಾರ್ಕ್ ಅಂಟಿಸಿದರೆ ಬಣ್ಣವೂ ಹತ್ತುವುದಿಲ್ಲ, ಹಿಡಿತವೂ ಹೆಚ್ಚುತ್ತದೆ. ದವಡೆಯ ಮೇಲಂಚು ಕೆಳಗಿನ ಅಂಚಿಗಿಂತ ಒಂದು ಮಿ.ಮೀ.ನಷ್ಟು ಒಳಕ್ಕೆ ಬಾಗಿರುವಂತೆ ಕೀಸಿ. ಬಿಗಿದಾಗ ಕೆಳಗಿನ ಸ್ಕ್ರೂ ಎಳೆತಕ್ಕೆ ಮೇಲ್ಭಾಗ ಸ್ವಲ್ಪ ತೆರೆದುಕೊಳ್ಳುವುದರಿಂದ, ಮೊದಲೇ ಬಾಗಿಸಿದ ದವಡೆ ಆಗ ನೆಟ್ಟಗೆ ಬಂದು ಪೂರ್ತಿ ಅಗಲಕ್ಕೆ ಹಿಡಿಯುತ್ತದೆ. ಒಳದವಡೆಯ ಮುಖವು ಬೆಂಚಿನ ಮುಂದಿನ ಅಂಚಿಗೆ ಸಮವಾಗಿರಲಿ. ಅದು ಮುಂದಕ್ಕೆ ಚಾಚಿಕೊಂಡರೆ, ಉದ್ದನೆಯ ಹಲಗೆಯ ಒಂದು ತುದಿ ವೈಸಿನಲ್ಲಿದ್ದಾಗ ಇನ್ನೊಂದು ತುದಿ ಬೆಂಚಿನ ಕಾಲಿಗೆ ಒರಗದೆ ಅಲ್ಲಾಡುತ್ತಿರುತ್ತದೆ.

ಬೆಣೆಯ ಮಾತು ಬಂದದ್ದು ನನಗೆ ಸಂತೋಷವಾಯಿತು. ನಮ್ಮ ತಂದೆಯವರು ಬೆಂಚನ್ನೇ ಬಳಸಿದವರಲ್ಲ. ನೆಲದ ಮೇಲೆ ಕುಳಿತು ಹಲಗೆಯನ್ನು ಪಾದದಿಂದ ಒತ್ತಿ ಹಿಡಿದು ಕೀಸುತ್ತಿದ್ದರು, ಬೇಕಾದಾಗ ಕಾಲನ್ನು ಎತ್ತಿದರಾಯಿತು. ಕಾಲಿನಲ್ಲಿ ಹಿಡಿಸದ ದೊಡ್ಡ ಕೆಲಸವಾದರೆ ಎರಡು ಗೂಟಗಳ ನಡುವೆ ಹಲಗೆಯನ್ನಿಟ್ಟು, ಒಂದು ಬೆಣೆಯನ್ನು ಕೊಡತಿಯಿಂದ ಬಡಿದು ಬಿಗಿಯುತ್ತಿದ್ದರು. ಹಲಗೆಯನ್ನು ಅಗಲಕ್ಕೆ ಮಲಗಿಸಿ ಕೀಸುವ ಕೆಲಸಕ್ಕೆ ನಾನು ಇಂದಿಗೂ ವೈಸನ್ನು ಮುಟ್ಟುವುದಿಲ್ಲ, ಬೆಂಚಿನ ಮೇಲಿನ ಪಟ್ಟಿ ಮತ್ತು ಬೆಣೆಯೇ ಸಾಕು. ಎಲ್ಲ ಕೆಲಸವನ್ನೂ ಒಂದೇ ವೈಸಿನ ಮೇಲೆ ಹೇರದಿದ್ದರೆ ಅದರ ಹಲ್ಲುಗಳೂ ಹೆಚ್ಚು ಕಾಲ ಬಾಳುತ್ತವೆ.


ಮರುಪ್ರಶ್ನೆ: ಬಸವನಗುಡಿಯ ಹವ್ಯಾಸಿ

ಇಬ್ಬರಿಗೂ ಕೃತಜ್ಞತೆಗಳು. ವೃತ್ತಗಳನ್ನು ಬರೆದು ನೋಡಿದೆ. ಅಂಚುಗಳು ಸಿಕ್ಕಿಹಾಕಿಕೊಳ್ಳುವುದು ಕಣ್ಣಿಗೇ ಕಾಣುತ್ತದೆ. ಹಾಗೆಯೇ ಹಳೆಯ ಸ್ಟಡ್ಡನ್ನು ಬಿಚ್ಚಿ ಸಮತಟ್ಟಾದ ಗ್ರಾನೈಟ್ ಕಲ್ಲಿನ ಮೇಲೆ ಉರುಳಿಸಿದಾಗ, ಅದು ನಟ್ ಇದ್ದ ಜಾಗದಲ್ಲಿ ಬಾಗಿರುವುದೂ ತಿಳಿಯಿತು. ಆಸರೆಯ ಬುಶ್ ಏಕೆ ಬೇಕೆಂಬುದು ಈಗ ಅರ್ಥವಾಗಿದೆ.

ಟರ್ನರ್ ಅವರಲ್ಲಿ ಎರಡು ಸಂದೇಹಗಳನ್ನು ಕೇಳಬೇಕಿದೆ. ದವಡೆಯನ್ನು ಬೇಕಾದಲ್ಲಿಗೆ ತಳ್ಳಿ ಬೆಣೆಯನ್ನು ಬಿಟ್ಟಾಗ, ನಟ್ಟಿನ ಹಲ್ಲು ಸ್ಕ್ರೂವಿನ ತೋಡಿಗೆ ಬರದೆ ಹಲ್ಲಿನ ತುದಿಯ ಮೇಲೆಯೇ ಕುಳಿತರೆ ಏನಾಗುತ್ತದೆ? ಮತ್ತು ಬಲವಾಗಿ ಬಿಗಿದ ಮೇಲೆ, ಅಷ್ಟು ಭಾರ ಹೊತ್ತಿರುವ ಬೆಣೆಯನ್ನು ಹೊರಕ್ಕೆ ಎಳೆಯುವುದು ಹೇಗೆ?


ಉತ್ತರ: ಪೀಣ್ಯದ ಟರ್ನರ್

ಸರ್, ಸರಿಯಾದ ಪ್ರಶ್ನೆಗಳು. ಹಲ್ಲಿನ ಮೇಲೆ ಹಲ್ಲು ಕೂರುವುದು ಕಾರ್ಖಾನೆಯಲ್ಲಿ ಮಾಡಿದ ವೈಸಿನಲ್ಲೂ ಆಗುತ್ತದೆ. ಬೆಣೆ ಅರ್ಧ ದಾರಿಯಲ್ಲಿ ನಿಂತಿರುತ್ತದೆ. ನೀವು ಹಿಡಿಕೆಯನ್ನು ಬಿಗಿಯುವ ದಿಕ್ಕಿಗೆ ತಿರುಗಿಸುತ್ತಿದ್ದಂತೆ, ಒಂದು ಸುತ್ತು ಮುಗಿಯುವುದರೊಳಗೆ ಹಲ್ಲು ತೋಡಿಗೆ ಬಿದ್ದು ಸ್ಪ್ರಿಂಗ್ ಬೆಣೆಯನ್ನು ಪೂರ್ತಿ ಎಳೆದುಕೊಳ್ಳುತ್ತದೆ, ಆಗ ‘ಕಟಕ್’ ಎಂದು ಕೇಳಿಸುತ್ತದೆ. ಬೆಣೆಯನ್ನು ಲಿವರಿಗೆ ಗಟ್ಟಿ ರಾಡಿನಿಂದ ಜೋಡಿಸದೆ ಕೇಬಲಿನಿಂದ ಜೋಡಿಸಬೇಕು ಎನ್ನುವುದು ಇದಕ್ಕಾಗಿಯೇ. ಗಟ್ಟಿ ರಾಡಿದ್ದರೆ ಬೆಣೆ ಅರ್ಧಕ್ಕೆ ನಿಂತದ್ದು ತಿಳಿಯದೆ ನೀವು ಕೈಯಿಂದಲೇ ತಳ್ಳಿ, ಹಲ್ಲುಗಳ ತುದಿಯನ್ನು ಕೆಡಿಸುತ್ತೀರಿ. ಸದ್ದು ಕೇಳುವ ಮೊದಲು ಜೋರು ಹಾಕಬಾರದು ಎಂಬುದಷ್ಟೇ ನಿಯಮ.

ಎರಡನೆಯದು: ಬಿಗಿದ ಸ್ಥಿತಿಯಲ್ಲಿ ಬೆಣೆ ಬರುವುದಿಲ್ಲ, ಬರಲೂ ಬಾರದು. ಮೊದಲು ಹಿಡಿಕೆಯನ್ನು ಕಾಲು ಸುತ್ತು ಸಡಿಲಿಸಿ. ಭಾರ ಇಳಿದ ಮೇಲೆ ಬೆಣೆ ಒಂದು ಬೆರಳಿಗೂ ಬರುತ್ತದೆ. 4 ಮಿ.ಮೀ. ಎತ್ತಲು 8ಕ್ಕೆ 1ರ ಬೆಣೆ 32 ಮಿ.ಮೀ. ಸರಿಯಬೇಕೆಂಬುದನ್ನು ಪೆಟ್ಟಿಗೆಯ ಅಳತೆಯಲ್ಲಿ ಸೇರಿಸಿಕೊಳ್ಳಿ. ಸ್ಕ್ರೂವಿನ ಮೇಲೆ ತಗಡಿನ ಮುಚ್ಚಳವೂ ಇರಲಿ. ನಟ್ ಮೇಲ್ಮುಖವಾಗಿರುವುದರಿಂದ ಮರದ ಪುಡಿ ನೇರವಾಗಿ ಅದರ ಹಲ್ಲಿಗೆ ಬೀಳುತ್ತದೆ. ಗ್ರೀಸ್ ಹಚ್ಚಿದರೆ ಪುಡಿ ಅಂಟಿಕೊಂಡು ಗಟ್ಟಿಯಾಗುತ್ತದೆ, ಆದ್ದರಿಂದ ಥ್ರೆಡ್ಡಿಗೆ ಮೇಣದ ಬತ್ತಿಯನ್ನು ಉಜ್ಜಿ.


ಉತ್ತರ: ಮಲ್ಲೇಶ್ವರದ ಗೃಹಿಣಿ

ನಮಸ್ಕಾರ. ಲೇತ್ ಕೆಲಸ ಮಾಡಿಸುವ ಅನುಕೂಲವಿಲ್ಲದವರಿಗಾಗಿ ಇನ್ನೊಂದು ದಾರಿಯನ್ನು ಬರೆಯುತ್ತೇನೆ. ನಮ್ಮದು ಫ್ಲ್ಯಾಟ್, ಬಾಲ್ಕನಿಯೇ ನನ್ನ ಕಾರ್ಯಾಗಾರ. ಪೈಪ್ ಕ್ಲ್ಯಾಂಪುಗಳ ಎರಡು ಜೊತೆ ಕೊಂಡು, ಮುಕ್ಕಾಲು ಇಂಚಿನ ಪೈಪುಗಳನ್ನು ಬೆಂಚಿನ ಕೆಳಗೆ ಸಮಾನಾಂತರವಾಗಿ ಅಳವಡಿಸಿ, ಅವುಗಳ ಸ್ಕ್ರೂ ತಲೆಗಳು ಹೊರದವಡೆಯನ್ನು ಒತ್ತುವಂತೆ ವೈಸ್ ಮಾಡಿಕೊಂಡಿದ್ದೇನೆ. ಈ ಕ್ಲ್ಯಾಂಪುಗಳಲ್ಲಿ ನಟ್ಟಿನ ಬದಲು ಉಕ್ಕಿನ ತೆಳುಬಿಲ್ಲೆಗಳಿವೆ. ಬಿಲ್ಲೆಯ ರಂಧ್ರ ಪೈಪಿಗಿಂತ ಸ್ವಲ್ಪ ದೊಡ್ಡದು. ನೆಟ್ಟಗಿದ್ದಾಗ ಪೈಪ್ ಅದರೊಳಗೆ ಸಲೀಸಾಗಿ ಸರಿಯುತ್ತದೆ, ಭಾರ ಬಿದ್ದು ಬಿಲ್ಲೆ ಓರೆಯಾದ ಕೂಡಲೇ ರಂಧ್ರದ ಅಂಚುಗಳು ಪೈಪನ್ನು ಕಚ್ಚಿಕೊಳ್ಳುತ್ತವೆ. ಭಾರ ಹೆಚ್ಚಿದಷ್ಟೂ ಹಿಡಿತ ಹೆಚ್ಚುತ್ತದೆ. ಹಲ್ಲೇ ಇಲ್ಲದಿರುವುದರಿಂದ ದವಡೆಯನ್ನು ಎಲ್ಲಿ ಬೇಕಾದರೂ ನಿಲ್ಲಿಸಬಹುದು.

ಸತುವಿನ ಲೇಪವಿರುವ ಜಿ.ಐ. ಪೈಪಿನ ಮೇಲೆ ಬಿಲ್ಲೆಗಳು ಆಗಾಗ ಜಾರುತ್ತಿದ್ದವು. ಲೇಪವಿಲ್ಲದ ಕಪ್ಪು ಪೈಪಿಗೆ ಬದಲಾಯಿಸಿದ ಮೇಲೆ ನಿಂತಿತು. ಆದರೆ ಅಂಟು ಹಸಿಯಾಗಿರುವ ಮರಕ್ಕೆ ಆ ಪೈಪ್ ತಗುಲಿದರೆ ಕಪ್ಪು ಕಲೆಯಾಗುತ್ತದೆ, ತೇಗದಲ್ಲಂತೂ ಎದ್ದು ಕಾಣುತ್ತದೆ. ಪೈಪಿನ ಮೇಲೆ ಕಾಗದ ಸುತ್ತಿಕೊಳ್ಳುತ್ತೇನೆ. ಇದರ ಕೊರತೆಯನ್ನೂ ಹೇಳಬೇಕು. ಎರಡು ಹಿಡಿಕೆಗಳನ್ನು ಬೇರೆ ಬೇರೆಯಾಗಿ ಬಿಗಿಯಬೇಕು, ಮತ್ತು ಮತ್ತಿಯಂಥ ಗಡುಸು ಮರವನ್ನು ಕೀಸುವಾಗ ಪೈಪುಗಳು ಬಾಗುವುದು ಕೈಗೆ ತಿಳಿಯುತ್ತದೆ. ಪೆಟ್ಟಿಗೆ, ಚೌಕಟ್ಟು, ಮಕ್ಕಳ ಆಟಿಕೆಗಳಿಗೆ ಇದು ಧಾರಾಳವಾಯಿತು. ತಮ್ಮ 75 ಮಿ.ಮೀ. ಬೆಂಚಿನ ಕೆಲಸಕ್ಕೆ ಟರ್ನರ್ ಅವರ ಬೆಣೆಯೇ ಸರಿ.


ಬೆಳವಣಿಗೆ: ಬಸವನಗುಡಿಯ ಹವ್ಯಾಸಿ

ಆರು ವಾರಗಳ ನಂತರ ಬರೆಯುತ್ತಿದ್ದೇನೆ. ಪೀಣ್ಯದ ಒಂದು ಶೆಡ್ಡಿನಲ್ಲಿ 20 ಮಿ.ಮೀ. ವ್ಯಾಸ, 4 ಮಿ.ಮೀ. ಪಿಚ್ಚಿನ ಸ್ಕ್ರೂವನ್ನೂ ಗನ್ ಮೆಟಲ್ ನಟ್ಟನ್ನೂ ಮಾಡಿಸಿದೆ. ನಟ್ಟನ್ನು 120 ಡಿಗ್ರಿಗೆ ನಾನೇ ಕತ್ತರಿಸಿ ಅರದಿಂದ ನಯ ಮಾಡಿಕೊಂಡೆ; ಗನ್ ಮೆಟಲ್ ಮೃದುವಾದ್ದರಿಂದ ಒಂದು ಮಧ್ಯಾಹ್ನದಲ್ಲಿ ಮುಗಿಯಿತು. ಪೆಟ್ಟಿಗೆಯ ಫ್ಲ್ಯಾಟುಗಳನ್ನು ವೆಲ್ಡ್ ಮಾಡಿಸದೆ ಬೋಲ್ಟ್ ಹಾಕಿ ಜೋಡಿಸಿದ್ದು ಒಳ್ಳೆಯದಾಯಿತು, ಏಕೆಂದರೆ ಮೇಲಿನ ಬುಶ್ಶನ್ನು ಸ್ಕ್ರೂವಿಗೆ ತಾಗಿಯೂ ತಾಗದಂತೆ ಕೂರಿಸಲು ಅದನ್ನು ನಾಲ್ಕು ಸಲ ಬಿಚ್ಚಬೇಕಾಯಿತು. ಬುಶ್ಶಿನ ಹಿಂದೆ ತೆಳುವಾದ ಹಿತ್ತಾಳೆ ತಗಡನ್ನು ಇಟ್ಟು ಅಂತರವನ್ನು ಸರಿಪಡಿಸಿದ್ದೇನೆ.

ಲಿವರನ್ನು ಕೈಗೆ ಇಡಲಿಲ್ಲ. ಬಡಗಿ ಆಚಾರ್ಯರು ತಮ್ಮ ತಂದೆಯವರ ಪಾದದ ಹಿಡಿತದ ಬಗ್ಗೆ ಬರೆದದ್ದನ್ನು ಓದಿದ ಮೇಲೆ, ಬೆಣೆಯನ್ನು ಸೈಕಲ್ ಬ್ರೇಕಿನ ಕೇಬಲಿನಿಂದ ಬೆಂಚಿನ ಕೆಳಗಿನ ಪೆಡಲಿಗೆ ಜೋಡಿಸಿದೆ. ಬ್ರೇಕ್ ಲಿವರ್ ಎಳೆಯುವ ದೂರ 32 ಮಿ.ಮೀ.ಗೆ ಸಾಲದು, ಪೆಡಲಿಗೆ ಅದು ಏನೂ ಅಲ್ಲ. ಈಗ ಎರಡು ಕೈಗಳಲ್ಲೂ ಡ್ರಾಯರನ್ನು ಹಿಡಿದುಕೊಂಡು, ಪೆಡಲ್ ತುಳಿದು, ತೊಡೆಯಿಂದ ದವಡೆಯನ್ನು ಒತ್ತಿ, ಕಾಲೆತ್ತಿ, ಅರ್ಧ ಸುತ್ತು ತಿರುಗಿಸಿದರೆ ಸಾಕು.

ಗೈಡುಗಳಿಗೆ 300 ಮಿ.ಮೀ. ಹಿಂದೆ ಎರಡನೆಯ ಆಸರೆಯನ್ನು ಕೊಟ್ಟು ಬುಶ್ ಪ್ಲೇಟುಗಳನ್ನು ಹಾಕಿದ್ದೇನೆ. ಹೊರದವಡೆ ಹೊನ್ನೆಯದು, ತೊಗಲು ಅಂಟಿಸಿದ್ದೇನೆ. ಮತ್ತಿಯ ಹಲಗೆಯೊಂದನ್ನು ಹಿಡಿದು, ಎಳೆಗೆ ಎದುರಾಗಿ ಕೀಸುಳಿ ಓಡಿಸಿ, ಹಿಡಿಕೆಗೆ ನನ್ನ ಪೂರ್ತಿ ಬಲ ಹಾಕಿ ನೋಡಿದೆ; ನಟ್ ಕದಲಲಿಲ್ಲ. ಬಿಚ್ಚಿ ಭೂತಗನ್ನಡಿಯಲ್ಲಿ ಪರೀಕ್ಷಿಸಿದಾಗ ಹಲ್ಲುಗಳ ತುದಿಯೂ ಮೊದಲಿನಂತೆಯೇ ಇತ್ತು. ಮೊದಲ ವಾರದಲ್ಲಿ ಎರಡು ಸಲ ‘ಕಟಕ್’ ಕೇಳುವ ಮೊದಲೇ ಅವಸರದಿಂದ ಬಿಗಿದೆ, ಎರಡು ಸಲವೂ ಹಲ್ಲು ಜಾರಿತು. ಈಗ ಕಿವಿ ಅದಕ್ಕೆ ಒಗ್ಗಿದೆ.

ಮಾರ್ಚ್ ಏಪ್ರಿಲ್‌ನಲ್ಲಿ ಗೈಡುಗಳು ಹೇಗೆ ಓಡುತ್ತವೆಂದು ನೋಡಿ ಮತ್ತೆ ಬರೆಯುತ್ತೇನೆ. ಬಾಗದೆ ಉಳಿದ ಹಳೆಯ ಎಂ 20 ಸ್ಟಡ್ಡಿನ ಎರಡು ತುಂಡುಗಳು ನನ್ನಲ್ಲಿವೆ. ಅವುಗಳಿಗೆ ಸೀಳದ ಇಡೀ ನಟ್ಟುಗಳನ್ನೇ ಹಾಕಿ, ಬೆಂಚಿನ ಇನ್ನೊಂದು ತುದಿಗೆ ಅಗಲ ಹಲಗೆಗಳನ್ನು ನಿಲ್ಲಿಸಿ ಹಿಡಿಯುವ ಎರಡು ಸ್ಕ್ರೂಗಳ ವೈಸನ್ನು ಮಾಡಲು ಜಾಲಿಯ ಹಲಗೆಯನ್ನು ನೆರಳಿನಲ್ಲಿ ಒಣಗಲು ಇಟ್ಟಿದ್ದೇನೆ.